ಕೆನ್ಯಾದಲ್ಲಿ ಮನಿ ನೋಡಿದ್ದು

"ಮನಿ ನೋಡದ ಹೆಣ್ಣ ಕೊಡೂದಿಲ್ಲ ನಾವು. ಮಗನ್ನ ಹೆಂಗ ಕೊಡೂದು?"

ನಮ್ಮ ಮಾವ ಶಿದ್ರಾಮಪ್ಪನವರು ಇಷ್ಟು ಹೇಳಿ ಚಹಾದ ಬಸಿಯನ್ನು ಕೆಳಗಿಟ್ಟರು. ಎದುರಿಗೆ ಕುಳಿತಿದ್ದ ಏಜೆಂಟನ ಮುಖದಲ್ಲಿ ನಗು ಹಾಗೇ ಉಳಿಯಿತು, ಆದರೆ ತುಸು ಒಣಗಿತು.

"ಯಜಮಾನ್ರ, ಹಂಗಲ್ರಿ. ಮೊದಲು ವಿಸಿಟ್ ವೀಸಾದ ಮ್ಯಾಲೆ ದುಬೈಕ್ಕ ಹೋಗೂದು. ಅಲ್ಲಿ ತಿರಗ್ಯಾಡಿ ನೌಕರಿ ಹುಡುಕೂದು. ಕೈಯಾಗ ಕಸಬ ಇದ್ದಾವಂಗ ಯಾರ ಒಲ್ಲೆ ಅಂತಾರ್ರಿ?"

"ದುಬೈದಾಗ ಕಬ್ಬ ಬೆಳೀತಾರೇನು?"

"ಕಬ್ಬಾ?"

"ನನ್ನ ಮಗ ಸಕ್ಕರಿ ಕುದಸಾಂವ. ಅಲ್ಲಿ ಹೋಗಿ ಉಸುಕ ಕುದಸಬೇಕೇನು?"

ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಏಜೆಂಟ್ ಎದ್ದು ಹೋದ. ನನ್ನ ಗಂಡ ಹೊರಗಿನ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಇವರ ಹೆಸರನ್ನು ಬಾಯಿಯಿಂದ ಹೇಳುವುದಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ: ಕಲ್ಮೇಶ.

ನಮ್ಮ ಮನೆ ಬಾಡಗಂಡಿಯ ಹತ್ತಿರ. ಹೊಲದ ಬದುವಿಗೆ ನಿಂತರೆ ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣುತ್ತದೆ. ಇವರು ಅಲ್ಲಿ ಪ್ಯಾನ್‌ಮನ್. ಕಬ್ಬಿನ ರಸ ಗಟ್ಟಿಯಾಗಿ ಕಾಳು ಕಟ್ಟುವ ದೊಡ್ಡ ಹಂಡೆಗೆ ಪ್ಯಾನ್ ಅನ್ನುತ್ತಾರೆ. ಅದರೊಳಗಿನ ಪಾಕವನ್ನು ಆಗಾಗ ಒಂದು ಗಾಜಿನ ತುಂಡಿನ ಮೇಲೆ ತೆಗೆದು, ಬೆಳಕಿಗೆ ಹಿಡಿದು, ಕಾಳು ಎಷ್ಟು ಬೆಳೆದಿದೆ ಎಂದು ನೋಡುತ್ತಾ ಕುದಿಸಬೇಕು. ಇವರಿಗೆ ಆ ಕೆಲಸವೆಂದರೆ ಪ್ರಾಣ. ಆದರೆ ಕಾರ್ಖಾನೆ ನಡೆಯುವುದು ಕಬ್ಬು ಬರುವ ತನಕ. ಯುಗಾದಿಯ ಹೊತ್ತಿಗೆ ಕಾರ್ಖಾನೆಯ ಭೋಂಗಾ ಕೂಗುವುದು ನಿಲ್ಲುತ್ತದೆ, ಇವರ ಮುಖವೂ ಬಾಡುತ್ತದೆ. "ಐದ ತಿಂಗಳ ಮನಷ್ಯಾ, ಏಳ ತಿಂಗಳ ಎಮ್ಮಿ ಕಾಯಾಂವ" ಎಂದು ಇವರೇ ಹೇಳಿಕೊಳ್ಳುತ್ತಿದ್ದರು. ಆಫ್ರಿಕಾದ ಕಡೆ ಕೆಲವು ಕಾರ್ಖಾನೆಗಳು ಹೆಚ್ಚುಕಡಿಮೆ ವರ್ಷವಿಡೀ ಕಬ್ಬು ನುರಿಸುತ್ತವೆ ಎಂದು ಯಾರೋ ಹೇಳಿದ ದಿನದಿಂದ ಇವರ ತಲೆಯಲ್ಲಿ ಅದೇ ತಿರುಗುತ್ತಿತ್ತು.

ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಬೇರೆ. ಇವರು ಹೋದರೆ ನಾನು?

ನಮ್ಮ ಲಗ್ನವಾಗಿ ಎರಡನೆಯ ವರ್ಷ. ನನ್ನ ತವರು ಹಿಪ್ಪರಗಿ. ಸಾಲಿಯನ್ನು ಎಂಟನೆಯ ತರಗತಿಗೆ ಬಿಟ್ಟೆ. ಮಾತು ಮೊದಲಿನಿಂದಲೂ ಕಡಿಮೆ. ಅತ್ತೆ ಶಿವವ್ವ ನನ್ನನ್ನು "ಮೂಕಿ" ಎಂದು ಕರೆಯುತ್ತಾರೆ, ಸಿಟ್ಟಿನಿಂದಲ್ಲ. "ನಮ್ಮ ಮೂಕಿ ಕೈಯಾಗಿನ ರೊಟ್ಟಿ ನೋಡ್ರಿ, ಹಾಳಿ ಇದ್ದಂಗ ಇರತಾವ" ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಹಿರಿಯರ ಮುಂದೆ ಸೊಸೆ ಬಾಯಿ ಬಿಟ್ಟು "ನಾನೂ ಗಂಡನ ಜೋಡಿ ಹೋಗ್ತೀನಿ" ಅನ್ನುವುದು ನಮ್ಮಲ್ಲಿಲ್ಲ. ಅಂದರೆ ಯಾರೂ ಹೊಡೆಯುವುದಿಲ್ಲ, ಆದರೆ ಓಣಿಯವರು ವರ್ಷಗಟ್ಟಲೆ ನಗುತ್ತಾರೆ.

ಇವರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ತಮ್ಮ ಪಾಸ್‌ಪೋರ್ಟ್ ಮಾಡಿಸುವಾಗ ನನ್ನದನ್ನೂ ಮಾಡಿಸಿದರು. ಪೊಲೀಸಿನವರು ವಿಚಾರಣೆಗೆಂದು ಮನೆಗೆ ಬಂದು ನನ್ನ ಹೆಸರು ಕೇಳಿದಾಗ ಅತ್ತೆ ಗಾಬರಿಯಾದರು.

"ಇಕೀದ್ಯಾಕೋ?"

"ಆಧಾರ್ ಕಾರ್ಡ್ ಇದ್ದಂಗ ಅದು, ಯವ್ವಾ. ಮನ್ಯಾಗ ಇರ್ಲಿ" ಎಂದರು ಇವರು, ನನ್ನ ಕಡೆ ನೋಡದೆ. ನೋಡದೇ ಇದ್ದದ್ದರಿಂದಲೇ ನನಗೆ ಗೊತ್ತಾಯಿತು.

ಏಜೆಂಟ್ ಹೋದ ಮೇಲೆ ಮಾವನವರ ಮಾತು ಮನೆಯ ಕಾನೂನಾಯಿತು. ನೌಕರಿ ಇಲ್ಲಿಂದಲೇ ಗಟ್ಟಿಯಾಗಬೇಕು. ಯಾವ ಊರು, ಯಾವ ಕಾರ್ಖಾನೆ, ಮಲಗುವುದು ಎಲ್ಲಿ, ಉಣ್ಣುವುದು ಏನು, ಎಲ್ಲ ತಿಳಿಯಬೇಕು. ಆಮೇಲೆ ವಿಮಾನ. ಇವರು ಫೋನಿನಲ್ಲಿ ಹುಡುಕತೊಡಗಿದರು. ಸಕ್ಕರೆ ಕಾರ್ಖಾನೆಯ ಕೆಲಸಗಾರರದೇ ಒಂದು ವಾಟ್ಸಾಪ್ ಗುಂಪು ಇತ್ತು. ಕೆನ್ಯಾದ ಒಂದು ಕಾರ್ಖಾನೆಗೆ ಪ್ಯಾನ್‌ಮನ್ ಬೇಕಾಗಿದ್ದಾನೆ, ಬಯೋಡಾಟಾ ಕಳಿಸಿ ಎಂದು ಅದರಲ್ಲಿ ಬಂತು. ಇವರು ಅಂದೇ ಬೀಳಗಿಗೆ ಬೈಕು ಹೊಡೆದರು.

ಬೀಳಗಿಯಲ್ಲಿ ನವೀನನ ಕಂಪ್ಯೂಟರ್ ಅಂಗಡಿ ಇದೆ. ನಮ್ಮ ಲಗ್ನದ ಮೊದಲು ಇವರ ಬಯೋಡಾಟಾ ಮಾಡಿಕೊಟ್ಟವನೂ ಅವನೇ. ಅದು ಅವನ ಕಂಪ್ಯೂಟರಿನಲ್ಲಿ ಇನ್ನೂ ಇತ್ತು. "ಹೊಸಾದ್ಯಾಕ ಟೈಪ್ ಮಾಡ್ಲಿ? ಹಳೇದಕ್ಕ ನೌಕರಿ ವಿಷಯ ಸೇರಿಸ್ತೀನಿ ತಗೋ" ಎಂದು ಇಂಗ್ಲಿಷ್‌ಗೆ ತಿರುಗಿಸಿ ಕಳಿಸಿಯೇ ಬಿಟ್ಟ. ಇವರು ಅವಸರದಲ್ಲಿದ್ದರು, ಓದಿ ನೋಡಲಿಲ್ಲ.

ಎರಡು ದಿನಕ್ಕೆ ಕರೆ ಬಂತು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ ಅಥವಾ ಪಡಸಾಲೆಯ ಬಾಗಿಲ ಹತ್ತಿರ. ಇವರು ಮಾಳಿಗೆ ಹತ್ತಿದರು. ಫೋನು ಹಿಡಿದು ನಿಲ್ಲಲು ನಾನು. ಪರದೆಯ ಮೇಲೆ ಬಿಳಿ ಮೀಸೆಯ ಒಬ್ಬ ಗಂಡಸು ಬಂದರು. ಹೆಸರು ಬಾಳಾಸಾಹೇಬ, ಆ ಕಾರ್ಖಾನೆಯ ಸಕ್ಕರೆ ವಿಭಾಗದ ಮುಖ್ಯಸ್ಥರು.

"ನಂದು ಜತ್ತ ಕಡೆ. ಮನ್ಯಾಗ ಮರಾಠಿ, ಹೊಲದಾಗ ಕನ್ನಡ" ಎಂದರು. "ನಿಮ್ಮ ಬಯೋಡಾಟಾ ನೋಡೀನಿ. ಭಾಳ ಛಲೋ ಐತಿ. ಬಣ್ಣ ಗೋಧಿ, ನಕ್ಷತ್ರ ರೋಹಿಣಿ, ಸೋದರಮಾವಂದಿರು ಇಬ್ಬರು, ಊರು ಗಲಗಲಿ."

ಇವರ ಮುಖದ ಗೋಧಿ ಬಣ್ಣ ಹೋಗಿ ಬೇರೆಯೇ ಬಣ್ಣ ಬಂತು.

"ಕಡೀಕ ನಿರೀಕ್ಷೆ ಅಂತ ಬರದೀರಿ. 'ಸಂಸ್ಕಾರವಂತ ಮನೆತನ ಬೇಕು.' ನಮ್ಮ ಕಂಪನಿ ನಡೀತದೇನ್ರಿ?"

"ಸಾಹೇಬ್ರ, ಅದು... ಅಂಗಡಿಯಾಂವ... ಹಳೇದ..."

"ಇರ್ಲಿ ಬಿಡ್ರಿ. ಇಷ್ಟ ಖರೆ ಹೇಳಿದ ಅರ್ಜಿ ನಾ ಇನ್ನೂ ನೋಡಿಲ್ಲ." ಅವರು ನಗುವುದನ್ನು ನಿಲ್ಲಿಸಿ ಒಮ್ಮೆಲೇ ಕೆಲಸಕ್ಕೆ ಬಂದರು. "ಕಾಳು ಕಟ್ಟೂ ಹೊತ್ತಿನ್ಯಾಗ ಉಗಿ ಕಡಿಮಿ ಆತು. ಏನ ಮಾಡ್ತೀರಿ?"

ಇವರು ತಲೆ ಎತ್ತಿದರು. ಈ ಪ್ರಶ್ನೆ ಬಂದದ್ದೇ ತಡ, ನನ್ನ ಗಂಡ ಬೇರೆ ಮನುಷ್ಯ. "ಗಾಬರಿ ಆಗಂಗಿಲ್ರಿ. ರಸ ಎಳಿಯೂದು ಬಂದ್ ಮಾಡಿ, ತುಸು ನೀರ ಕೊಟ್ಟು, ಪ್ಯಾನ್ ಹಿಡಕೊಂಡ ನಿಂದರತೇನಿ. ಆಸಿ ಮಾಡಿ ಎಳದ್ರ ನಡಕ ಸಣ್ಣ ಸುಳ್ಳ ಕಾಳ ಹುಟ್ಟತಾವ. ಆಮ್ಯಾಲ ಅತ್ತರೂ ಹೋಗಂಗಿಲ್ಲ ಅವು."

ಹೀಗೆ ಬಹಳ ಹೊತ್ತು ನಡೆಯಿತು. ಬಿಸಿಲಿಗೆ ನನ್ನ ಕೈ ಸೋತಿತು, ಆದರೂ ಫೋನು ಅಲುಗಿಸಲಿಲ್ಲ. ಬಾಳಾಸಾಹೇಬರು ಪ್ರಶ್ನೆ ಕೇಳುವಾಗ ಮೀಸೆ ತಿರುವುತ್ತಿದ್ದರು. ಉತ್ತರ ಸರಿಯಿದ್ದರೆ ಕೈ ಕೆಳಗಿಳಿಯುತ್ತಿತ್ತು. ಕೊನೆಕೊನೆಗೆ ಕೈ ಮೇಲೇರಲೇ ಇಲ್ಲ. ನೌಕರಿ ಸಿಕ್ಕಿತು ಎಂದು ಇವರಿಗಿಂತ ಮೊದಲು ನನಗೆ ತಿಳಿಯಿತು.

"ನಾಳೆ ಮಧ್ಯಾಹ್ನ ಮತ್ತ ಹಚ್ಚತೀನಿ. ಪಗಾರ, ರಜಾ, ಎಲ್ಲಾ ಮಾತಾಡಿ ಮುಗಸೂಣು" ಎಂದು ಅವರು ಫೋನಿಟ್ಟರು.

ಇವರು ಮಾಳಿಗೆಯಿಂದಲೇ ಕೂಗಿದರು. "ಅಪ್ಪಾ! ನಾಳೆ ಮಾತು ಮುಗಸ್ತಾರಂತ!"

ಈ ಮಾತು ಕೆಳಗೆ ಹೋಗುವಷ್ಟರಲ್ಲಿ ಬೇರೆಯೇ ಆಗಿತ್ತು. ನಮ್ಮ ಕಡೆ ಮಾತು ಮುಗಿಸುವುದೆಂದರೆ ಹೇಗೆ ಎಂದು ಎಲ್ಲರಿಗೂ ಗೊತ್ತು. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೋಗುತ್ತಾರೆ. ಗಂಡಸರು ಹೊಲ, ಎತ್ತು, ಬಾವಿ ನೋಡುತ್ತಾರೆ. ಹೆಂಗಸರು ಏನನ್ನೂ ಕೇಳುವುದಿಲ್ಲ, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಒಲೆ, ಕೊಡ, ಹಿತ್ತಲು ನೋಡಿ ಬರುತ್ತಾರೆ. ಮನೆ ಮನಸ್ಸಿಗೆ ಬಂದರೆ ಅವರು ಕೊಟ್ಟ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಬರದಿದ್ದರೆ ಬರೀ ಚಹಾ ಕುಡಿದು ಏಳಬೇಕು. ಸಕ್ಕರೆ ಮುಟ್ಟಲಿಲ್ಲವೆಂದರೆ ಇಲ್ಲವೆಂದೇ ಅರ್ಥ, ಬಾಯಿಂದ ಹೇಳಬೇಕಾಗಿಲ್ಲ.

ಮರುದಿನ ಇವರು ಬೀಳಗಿಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಗಿರಮಲ್ಲಪ್ಪ ಕಾಕಾ ತಲೆಗೆ ಪಟಗಾ ಸುತ್ತಿಕೊಂಡು ನಡುವೆ ಕುಳಿತಿದ್ದರು. ಸುತ್ತ ಹಳ್ಳಿಗಳ ಅರ್ಧ ಲಗ್ನಗಳನ್ನು ಕೂಡಿಸಿದವರು ಅವರೇ, ನಮ್ಮದನ್ನೂ ಅವರೇ. ತಾಟಿನಲ್ಲಿ ಚುರಮರಿ ಚೂಡಾ, ಬಟ್ಟಲಲ್ಲಿ ಸಕ್ಕರೆ.

"ಇದೇನ ಯವ್ವಾ? ಇದು ನೌಕರಿ ಮಾತು!"

"ಮತ್ತ ನಾವೇನ ನಾಟಕದ ಮಾತು ಅಂದೇವೇನು?" ಎಂದರು ಅತ್ತೆ. ಇವರ ಕೈಯಿಂದ ಫೋನು ಇಸಿದುಕೊಂಡು, ಬಾಗಿಲ ಹತ್ತಿರ ಮಣೆಯ ಮೇಲೆ ತಾಮ್ರದ ತಂಬಿಗೆಗೆ ಆನಿಸಿಟ್ಟು, ಅದರ ಬೆನ್ನಿಗೆ ವಿಭೂತಿ ಹಚ್ಚಿದರು.

"ಕ್ಯಾಮರಾಕ್ಕ ಹತ್ತತೈತಿ, ಯವ್ವಾ!"

"ಹತ್ತಲಿ. ಆ ಸಾಹೇಬಗೂ ಒಳ್ಳೇದಾಗ್ಲಿ."

ಫೋನು ಕುಣಿಯಿತು. ಬಾಳಾಸಾಹೇಬರ ಮುಖ ಬಂತು. ಅವರಿಗೆ ಕಂಡದ್ದು ಪಟಗಾ, ಮೀಸೆ, ಇನ್ನೊಂದು ಮೀಸೆ, ಚೂಡಾದ ತಾಟು, ಬಹಳ ಹಿಂದೆ ಮೂಲೆಯಲ್ಲಿ ಅಭ್ಯರ್ಥಿ.

"ನಮಸ್ಕಾರ್ರಿ" ಎಂದರು ಕಾಕಾ. "ನಾವು ಹುಡುಗನ ಕಡಿಯವ್ರು."

ಇವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಅತ್ತ ಕಡೆಯಿಂದ ನಗು ಬಂತು.

"ನಮಸ್ಕಾರ, ನಮಸ್ಕಾರ. ಹುಡುಗ ನಮಗ ಪಸಂದ್ ಅದಾನ್ರಿ. ವರದಕ್ಷಿಣಿ ನಾವ ಕೊಡ್ತೀವಿ, ತಿಂಗಳಾ ತಿಂಗಳಾ."

ಎಲ್ಲರೂ ನಕ್ಕರು. ಪಗಾರದ ಮಾತು, ರಜೆಯ ಮಾತು ಸುಲಭವಾಗಿ ಮುಗಿಯಿತು. ಕೆಲಸದ ಪರವಾನಗಿ ಕಂಪನಿಯೇ ಮಾಡಿಸುತ್ತದೆ, ಟಿಕೆಟ್ಟೂ ಅವರದೇ. ಮಾವನವರು ತಲೆಯಾಡಿಸುತ್ತಿದ್ದರು. ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ನಾನು ಕಾಯುತ್ತಿದ್ದ ಮಾತು ಇನ್ನೂ ಬಂದಿರಲಿಲ್ಲ. ಬಂತು.

"ಒಂದು ವಿಷಯ ಮೊದಲ ಹೇಳ್ತೀನ್ರಿ" ಎಂದರು ಬಾಳಾಸಾಹೇಬರು. "ಈ ನೌಕರಿ ಒಬ್ಬಾವಗ ಅಷ್ಟ. ಕುಟುಂಬಕ್ಕ ಕ್ವಾರ್ಟರ್ಸ್ ಅದಾವ, ಆದ್ರ ಹೊಸಬರಿಗೆ ಕೊಡೂದು ಬಂದ್ ಮಾಡೇವಿ. ಹ್ವಾದ ವರ್ಷ ಇಬ್ಬರು ಹೆಂಡ್ರನ್ನ ಕರಕೊಂಡ ಬಂದ್ರು. ಒಂದ ತಿಂಗಳದಾಗ ಆ ಹೆಣ್ಣಮಕ್ಕಳು ಅಳಕೋತ ಊರಿಗೆ ಹ್ವಾದ್ರು. ಅವರ ಹಿಂದ ಗಂಡಂದಿರೂ ಹ್ವಾದ್ರು. ನನ್ನ ಪ್ಯಾನ್ ನಿಂತ್ವು."

ಇವರು ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಈ ಸಲ ನೋಡಿದರು. ಎರಡು ವರ್ಷಕ್ಕೊಮ್ಮೆ ಊರಿಗೆ ರಜೆ ಎಂದು ಈಗಷ್ಟೇ ಮಾತಾಗಿತ್ತು.

ಅತ್ತೆ ಮುಂದೆ ಸರಿದು ಕುಳಿತರು. "ಅದಿರ್ಲಿ ಸಾಹೇಬ್ರ. ನಾವು ಮನಿ ನೋಡಬೇಕಲ್ಲ?"

"ಮನಿ?"

"ನಮ್ಮ ಹುಡುಗ ಇರೂ ಮನಿ. ನೋಡದ ಹೆಂಗ ಕಳಸೂದ್ರಿ?"

ಬೇರೆ ಯಾರಾದರೂ ಆಗಿದ್ದರೆ ಫೋನಿಡುತ್ತಿದ್ದರು. ಬಾಳಾಸಾಹೇಬರು ಜತ್ತದವರು. "ನಮ್ಮ ಆಯಿನೂ ಹಿಂಗ ರಿ. ನನ್ನ ತಂಗಿ ಕೊಡೂ ಮುಂದ ಆ ಮನಿ ಎಮ್ಮಿ ಹಲ್ಲ ಎಣಿಸಿ ಬಂದಿದ್ಲು. ಬರ್ರಿ ತೋರಸ್ತೀನಿ." ಅವರು ಎದ್ದು ಫೋನು ಹಿಡಿದುಕೊಂಡು ನಡೆಯತೊಡಗಿದರು.

ಪಡಸಾಲೆಯಲ್ಲಿದ್ದವರೆಲ್ಲ ತಂಬಿಗೆಯ ಕಡೆ ಬಾಗಿದರು. ನಾನು ಎರಡು ಹೆಜ್ಜೆ ಮುಂದೆ ಬಂದು ಅತ್ತೆಯ ಬೆನ್ನ ಹಿಂದೆ ನಿಂತೆ. ಕೆಂಪು ಮಣ್ಣಿನ ದಾರಿ ಕಂಡಿತು. ಎರಡೂ ಕಡೆ ಕಬ್ಬು.

"ಕಬ್ಬ ಛಲೋ ಐತಿ. ಯಾವ ತಳಿ?" ಮಾವನವರು ಕೇಳಿದರು.

"ಯಪ್ಪಾ, ಮನಿ ನೋಡು ಮೊದಲ" ಎಂದರು ಇವರು.

ಒಂಟಿ ನೌಕರರು ಇರುವ ಮೆಸ್ಸು ಬಂತು. ಉದ್ದನೆಯ ಕೋಣೆ, ಸಾಲು ಮಂಚ, ಸ್ವಚ್ಛವಾಗಿತ್ತು. ಅಡುಗೆಯವನು ದೊಡ್ಡ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದ. ಅನ್ನ. ಪಕ್ಕದಲ್ಲಿ ಬ್ರೆಡ್ಡು, ಬಿಳಿ ಹಿಟ್ಟಿನ ಗಟ್ಟಿ ಮುದ್ದೆಯಂಥದ್ದು ಒಂದು.

"ರೊಟ್ಟಿ?" ಅತ್ತೆ ಕೇಳಿದರು.

"ರೊಟ್ಟಿ ಎಲ್ಲಿದ್ರಿ ಅವ್ವಾರ. ವಾರದಾಗ ಎರಡ ಸಲ ಚಪಾತಿ ಇರತಾವ."

ಅತ್ತೆಯ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ಅದು ಒಳ್ಳೆಯ ಲಕ್ಷಣವಲ್ಲ. ಬಾಳಾಸಾಹೇಬರು ನೀರಿನ ಟಾಕಿ ತೋರಿಸುತ್ತೇನೆಂದು ಮೆಸ್ಸಿನ ಹಿಂದಿನಿಂದ ಹಾದರು. ಒಂದು ಸಾಲು ಸಣ್ಣ ಮನೆಗಳ ಹಿತ್ತಲುಗಳು ಪರದೆಯಲ್ಲಿ ಸರಿದು ಹೋದವು. ತಂತಿಯ ಮೇಲೆ ಬಟ್ಟೆ, ಒಂದು ಬಾಳೆಗಿಡ, ಒಂದು ಗೋಡೆ. ಆಮೇಲೆ ಟಾಕಿ, ದವಾಖಾನೆ, ಗೇಟು. ಮತ್ತೆ ಬಾಳಾಸಾಹೇಬರ ಮುಖ.

"ಹೆಂಗೈತ್ರಿ ಮನಿ?"

ಕಾಕಾ ಸಕ್ಕರೆಯ ಬಟ್ಟಲನ್ನು ಅತ್ತೆಯ ಕಡೆ ಸರಿಸಿದರು. ಅತ್ತೆ ಅದನ್ನು ಮುಟ್ಟಲಿಲ್ಲ. ತಮ್ಮ ಚಹಾದ ಬಸಿ ಎತ್ತಿಕೊಂಡು ಎಲ್ಲರಿಗೂ ಕಾಣುವ ಹಾಗೆ ಒಂದು ಗುಟುಕು ಕುಡಿದು ಕೆಳಗಿಟ್ಟರು.

ಅಷ್ಟೇ. ಬಾಯಿಂದ ಹೇಳಬೇಕಾಗಿರಲಿಲ್ಲ.

"ಅವ್ವಾ..." ಎಂದರು ಇವರು.

"ಅನ್ನ ತಿಂದ ಎಷ್ಟ ದಿನ ಇರ್ತಿ? ಸಣ್ಣಾಂವ ಇದ್ದಾಗ ಎರಡ ದಿನ ರೊಟ್ಟಿ ಇಲ್ಲಂದ್ರ ಜ್ವರ ಬರತಿತ್ತು ನಿನಗ. ಒಬ್ಬಾವ, ದೇಶ ಬಿಟ್ಟ ದೇಶಕ್ಕ. ಬ್ಯಾಡ. ಮತ್ತೊಂದ ನೋಡೂಣು."

ಮಾವನವರು ನೆಲ ನೋಡಿದರು. ಬಾಳಾಸಾಹೇಬರಿಗೂ ಅರ್ಥವಾಗಿತ್ತು. "ಇರ್ಲಿ ರಿ. ಒತ್ತಾಯ ಇಲ್ಲ. ಹುಡುಗ ಛಲೋ ಇದ್ದಾ" ಎಂದು ಅವರು ಫೋನಿನ ಕಡೆ ಬೆರಳು ತಂದರು.

ನನಗೆ ಇವರ ಕಿವಿಯ ಹಿಂಭಾಗ ಕಾಣುತ್ತಿತ್ತು. ಹೊಸ ಕಟಿಂಗಿನಿಂದ ಬಯಲಾದ ಕಿವಿ, ಕೆಂಪಗಾಗಿತ್ತು. ಮಾಳಿಗೆಯ ಮೇಲೆ ಉಗಿಯ ಬಗ್ಗೆ ಹೇಳುವಾಗಿನ ಮುಖ ನೆನಪಾಯಿತು. ನಾನು ಕಂಡದ್ದನ್ನು ಮತ್ತೆ ಯಾರೂ ಕಂಡಿರಲಿಲ್ಲ. ಅತ್ತೆಯ ಕಿವಿಯಲ್ಲಿ ಹೇಳೋಣವೆಂದರೆ ಅಷ್ಟು ಹೊತ್ತಿರಲಿಲ್ಲ.

"ಸಾಹೇಬ್ರ, ಹಿಂದಕ ಹೋಗ್ರಿ!"

ಅದು ನನ್ನ ಧ್ವನಿ. ಕಾಕಾ ಬೆಚ್ಚಿ ಚೂಡಾ ಚೆಲ್ಲಿದರು. ಪಡಸಾಲೆಯ ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಸೆರಗು ಎಳೆದುಕೊಂಡೆ, ಆದರೆ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯುವುದಿಲ್ಲವೆಂದು ಗೊತ್ತಿತ್ತು.

"ಟಾಕಿ ಕಡೆ ಹೋಗೂ ಮುಂದ ಬಾಳಿಗಿಡದ ಬಾಜೂಕ ಒಂದ ಗ್ವಾಡಿ ಬಂತಲ್ರಿ. ಅದಕ್ಕ ಹಂಚ ಆನಿಸಿಟ್ಟಾರ. ಅದು ಯಾರ್ದು?"

"ಹಂಚಾ?"

"ರೊಟ್ಟಿ ಹಂಚು. ಚಪಾತಿ ತವಾ ಅಲ್ಲ. ಅಗಲ ಐತಿ, ನಡಕ ತುಸು ತಗ್ಗ ಐತಿ. ಮ್ಯಾಲೆ ರೊಟ್ಟಿಗೆ ನೀರ ಸವರೂ ಅರಿವಿ ಒಣಗಾಕ ಹಾಕ್ಯಾರ."

ಅತ್ತೆ ನನ್ನನ್ನು ನೋಡಿದರು. ಫೋನನ್ನು ನೋಡಿದರು. "ಹೋಗ್ರಿ ಸಾಹೇಬ್ರ, ಹಿಂದಕ ಹೋಗ್ರಿ" ಎಂದರು.

ಬಾಳಾಸಾಹೇಬರು ಮತ್ತೆ ನಡೆದರು. ಬಾಳೆಗಿಡ ಬಂತು, ಗೋಡೆ ಬಂತು. ಹಂಚು ಬಿಸಿಲಿಗೆ ಕಪ್ಪಗೆ ಹೊಳೆಯುತ್ತ ಕುಳಿತಿತ್ತು. ಪಡಸಾಲೆಯಲ್ಲಿ ಒಂದು ಉಸಿರು ಎದ್ದಿತು, ನೆಂಟರು ಕಂಡ ಹಾಗೆ.

"ಇದು ನಮ್ಮ ಹೊಸಾ ಮಿಲ್ ಫಿಟ್ಟರ್ ಮನಿ" ಎಂದರು ಅವರು. "ಕೊಲ್ಹಾಪುರ ಕಡಿ ಕಾರ್ಖಾನಿಯಿಂದ ಬಂದಾವ. ಹೊಸಬರಿಗೆ ಬಂದ್ ಮಾಡೂಕಿಂತ ತುಸು ಮೊದಲ ಬಂದ್ರು. ಬಾಯೀ! ಓ ಬಾಯೀ!"

ಹಿತ್ತಲ ಬಾಗಿಲು ತೆರೆದು ಒಬ್ಬ ಹೆಂಗಸು ಬಂದಳು. ಮೊಣಕೈವರೆಗೆ ಹಿಟ್ಟು. ಬಾಳಾಸಾಹೇಬರು ಮರಾಠಿಯಲ್ಲಿ ಏನೋ ಹೇಳಿ ಫೋನು ಅವಳ ಕಡೆ ತಿರುಗಿಸಿದರು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿಗೆ ಪಟಗಾ ಕಂಡಿತು.

"ಯವ್ವಾ ನಮ್ಮವ್ವಾ! ಯಾವೂರವ್ರಿ ನೀವು?"

ಅತ್ತೆ ಮಣೆಯ ಸಮೇತ ಫೋನನ್ನು ತಮ್ಮ ಕಡೆ ಎಳೆದುಕೊಂಡರು. "ನಾವು ಬೀಳಗಿ ತಾಲೂಕ. ನೀ ಯಾವೂರಾಕಿ ತಂಗಿ?"

"ನಂದು ಬನಹಟ್ಟಿ ರಿ! ಅನಸವ್ವ ನನ್ನ ಹೆಸರು. ಗಂಡನ ಮನಿ ಆ ಕಡೆ. ಬನಹಟ್ಯಾಗ ನಮ್ಮಪ್ಪಂದು ಮಗ್ಗ ಅದಾವು."

"ಬನಹಟ್ಟಿ! ನಮ್ಮ ಅಣ್ಣನ ಮಗಳನ್ನ ಅಲ್ಲೇ ಕೊಟ್ಟೇವಲ್ಲ, ಮಂಗಳವಾರ ಪ್ಯಾಟಿ ಕಡೆ!"

ಇಲ್ಲಿಂದ ಮುಂದೆ ಫೋನು ಬಾಳಾಸಾಹೇಬರ ಕೈಯಲ್ಲಿದ್ದರೂ ಅವರದಾಗಿರಲಿಲ್ಲ. ಯಾವ ಓಣಿ, ಯಾರ ಮನೆಯ ಹತ್ತಿರ, ಯಾರ ಮಗಳು ಎಂದು ಇಬ್ಬರೂ ಕೂಡಿ ರಬಕವಿ ಬನಹಟ್ಟಿಯನ್ನು ಮನೆಮನೆಯಾಗಿ ತಿರುಗಿದರು. ಒಂದು ನೆಂಟಸ್ತನ ಸಿಕ್ಕಿತು, ಸ್ವಲ್ಪ ದೂರದ್ದು, ಆದರೆ ಸಾಕಾಗುವಂಥದ್ದು. ಬಾಳಾಸಾಹೇಬರ ಕೈ ಸೋತು ಪರದೆ ಓರೆಯಾಯಿತು. ನನಗೆ ಅವರ ಮೇಲೆ ಕನಿಕರ ಬಂತು. ಮಾಳಿಗೆಯ ಮೇಲೆ ನಾನೂ ಹಾಗೆ ನಿಂತಿದ್ದೆ.

"ಜ್ವಾಳ ಎಲ್ಲೀವು ತಂಗಿ?" ಅತ್ತೆ ಕೊನೆಗೆ ಮುಖ್ಯ ಮಾತಿಗೆ ಬಂದರು.

"ಇಲ್ಲೇ ಬೆಳೀತಾರ್ರಿ! ಸಂತ್ಯಾಗ ಸಿಗತಾವು. ತುಸು ಕೆಂಪ ಇರತಾವ, ಜಿಗಿ ಕಡಿಮಿ. ಕುದಿನೀರ ಜಾಸ್ತಿ ಹಾಕಿ ನಾದಬೇಕು. ನಾ ಬಡದಿದ್ದು ಹರೀತಾವ, ಆದ್ರೂ ರೊಟ್ಟಿ ರೊಟ್ಟೀನ." ಅನಸವ್ವ ಒಳಗೆ ಓಡಿ ಒಂದು ರೊಟ್ಟಿ ತಂದು ಕ್ಯಾಮರಾಕ್ಕೆ ಹಿಡಿದಳು. ಅಂಚು ಹರಿದಿತ್ತು. ಅತ್ತೆ ಅದನ್ನು ಸೂಕ್ಷ್ಮವಾಗಿ ನೋಡಿ, "ನಮ್ಮ ಮೂಕಿ ಬಡದ್ರ ಹರಿಯಂಗಿಲ್ಲ" ಎಂದರು.

"ಯಾರ್ರಿ ಮೂಕಿ?"

"ನನ್ನ ಸೊಸಿ. ನಿನ್ನ ಹಂಚ ಹುಡಿಕಿದಾಕಿ."

"ಆಕಿನ್ನ ಕಳಸ್ರಿ ಯವ್ವಾ! ಪುಣ್ಯಾ ಬರತೈತಿ. ಇಲ್ಲಿ ಮಾತಾಡಾಕ ಒಂದ ಜೀವ ಇಲ್ಲ. ಇವ್ರು ಮುಂಜಾನೆ ಹ್ವಾದ್ರ ಕತ್ತಲಾದ ಮ್ಯಾಲ ಬರ್ತಾರ. ನಾ ಬರೂ ತಿಂಗಳ ಊರಿಗೆ ಹ್ವಾದ್ರಾತು ಅಂತ ಪೆಟ್ಟಿಗಿ ಕಟ್ಟಾಕತ್ತೀನಿ."

ಪರದೆ ಗಕ್ಕನೆ ತಿರುಗಿತು. ಬಾಳಾಸಾಹೇಬರ ಮುಖ ಇಷ್ಟಗಲವಾಗಿ ಬಂತು. "ಏನಂದ್ರಿ ಬಾಯಿ? ನೀವೂ ಹೊಂಟೀರಿ?"

"ಮತ್ತೇನ್ರಿ, ಗ್ವಾಡಿ ಜೋಡಿ ಮಾತಾಡ್ಲೇನು?"

"ನಿಮ್ಮ ಹಿಂದ ನಿಮ್ಮ ಗಂಡಾನೂ ಹೊಂಡತಾನ! ಮಿಲ್ ಯಾರ ನೋಡಬೇಕು?"

ಈ ಹೊತ್ತಿಗೆ ಕಾಯುತ್ತಿದ್ದವರಂತೆ ಗಿರಮಲ್ಲಪ್ಪ ಕಾಕಾ ಪಟಗಾ ಸರಿ ಮಾಡಿಕೊಂಡರು. "ಸಾಹೇಬ್ರ, ನಿಮಗೊಬ್ಬ ಪ್ಯಾನ್‌ಮನ್ ಬೇಕು. ಆ ತಂಗಿಗೆ ಒಂದ ಮಾತಿನ ಜೋಡಿ ಬೇಕು. ನಮ್ಮ ಶಿವವ್ವಗ ಮಗನ ಹೊಟ್ಟಿಗೆ ರೊಟ್ಟಿ ಬೇಕು. ಇದರಾಗ ತೊಡಕ ಎಲ್ಲೈತ್ರಿ?"

"ಒಂಟಿ ಎತ್ತು ನಾವು ಹೂಡಂಗಿಲ್ಲ" ಎಂದರು ಅತ್ತೆ. "ಜೋಡಿ ಆದ್ರ ಕಳಸ್ತೀವಿ."

ಇವರು ಜಮಖಾನೆಯ ಅಂಚಿಗೆ ಸರಿದು ಕುಳಿತರು.

ಬಾಳಾಸಾಹೇಬರ ಕೈ ಮೀಸೆಗೆ ಹೋಯಿತು. ನಾನು ಆ ಕೈಯನ್ನೇ ನೋಡುತ್ತಿದ್ದೆ. "ನಾ ಗಂಡಸರ ಮಾತ ಕೇಳಿ ಎರಡ ಸಲ ಕೆಟ್ಟೀನಿ" ಎಂದರು. "ಈ ಸಲ ಆಕಿನ್ನ ಕೇಳತೀನಿ. ಎಲ್ಲಿ ಆ ಹುಡಿಗಿ? ಮುಂದ ಬಾ ತಂಗಿ."

ಅತ್ತೆ ನನ್ನ ಕೈ ಹಿಡಿದು ಮುಂದಕ್ಕೆ ಎಳೆದು ಜಮಖಾನೆಯ ಮೇಲೆ ಕೂಡಿಸಿದರು. ಎರಡು ವರ್ಷದ ಹಿಂದೆ ಹೆಣ್ಣು ನೋಡಲು ಬಂದಾಗ ಇದೇ ಜನರ ಮುಂದೆ ಹೀಗೇ ಕುಳಿತಿದ್ದೆ. ಅಂದು ಹೆಸರು ಕೇಳಿದರೆ ಹೆಸರೂ ಸರಿಯಾಗಿ ಬಂದಿರಲಿಲ್ಲ.

"ಹೆಸರೇನವ್ವಾ?"

"ಪ್ರೀತಿ ರಿ."

"ಖರೆ ಹೇಳು. ಹಿರ್ಯಾರು ಅಂದ್ರಂತ ಬ್ಯಾಡ. ನಿನಗ ಬರೂ ಮನಸೈತೇನು?"

ಹೊರಗೆ ಎಮ್ಮೆ ಸರಪಳಿ ಜಗ್ಗುವ ಸಪ್ಪಳ. ನಾನು ಅತ್ತೆಯ ಕಡೆ ನೋಡಲಿಲ್ಲ, ಇವರ ಕಡೆಯೂ ನೋಡಲಿಲ್ಲ.

"ಐತ್ರಿ" ಎಂದೆ. "ಮೊದಲ್ನಿಂದನೂ ಐತ್ರಿ."

"ಒಂದ ತಿಂಗಳದಾಗ ಅಳಕೋತ ಹೋಗಂಗಿಲ್ಲಲ್ಲ?"

"ಅಳೂ ಹಂಗಾದ್ರ ಅನಸವ್ವಕ್ಕನ ಮನಿಗೆ ಹೋಗಿ ಅತ್ತ ಬರತೇನ್ರಿ. ಊರಿಗ್ಯಾಕ ಬರಲಿ?"

ಮೊದಲು ನಕ್ಕವಳು ಅನಸವ್ವ. ಆಮೇಲೆ ಕಾಕಾ, ಆಮೇಲೆ ಎಲ್ಲರೂ. ಮಾವನವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಬಾಳಾಸಾಹೇಬರ ಕೈ ಮೀಸೆಯಿಂದ ಕೆಳಗಿಳಿಯಿತು.

"ಈ ಬಾಯಿ ಮನಿ ಬಾಜೂಕ ಒಂದ ಕ್ವಾರ್ಟರ್ ಖಾಲಿ ಐತಿ. ಬರಕೊಡತೇನಿ. ಆತಲ್ಲ?"

ಅತ್ತೆ ಸಕ್ಕರೆಯ ಬಟ್ಟಲಿಗೆ ಕೈ ಹಾಕಿದರು. ಚಿಟಿಕೆಯಲ್ಲ, ಹಿಡಿ. ತಮ್ಮ ಬಾಯಿಗೆ ಹಾಕಿಕೊಂಡರು, ನನ್ನ ಬಾಯಿಗೆ ತುರುಕಿದರು, ಇವರ ಬಾಯಿಗೂ. ನಮ್ಮ ಬಾಯಿ ತುಂಬಿ ಇಬ್ಬರಿಗೂ ಏನೂ ಹೇಳಲು ಆಗಲಿಲ್ಲ. ಒಳ್ಳೆಯದೇ ಆಯಿತು.

"ನೀವೂ ತಗೋಬೇಕ್ರಿ ಸಾಹೇಬ್ರ" ಎಂದರು ಕಾಕಾ. "ಎರಡೂ ಕಡೆ ಬಾಯಿ ಸಿಹಿ ಆದ್ರನ ಮಾತು ಮುಗದಂಗ."

ಅನಸವ್ವ ಒಳಗಿನಿಂದ ಡಬ್ಬಿ ತಂದಳು. ಅವರ ಕಾರ್ಖಾನೆಯದೇ ಸಕ್ಕರೆ. ಬಾಳಾಸಾಹೇಬರು ಅಂಗೈಯಲ್ಲಿ ಹಾಕಿಕೊಂಡಾಗ ಇವರು ಸಕ್ಕರೆ ನುಂಗಿ, ಮುಂದೆ ಬಾಗಿ, "ಸಾಹೇಬ್ರ, ತುಸು ಹತ್ರ ಹಿಡೀರಿ" ಎಂದರು.

ಅವರು ಅಂಗೈಯನ್ನು ಪರದೆಯ ಹತ್ತಿರ ತಂದರು. ಇವರು ಗಾಜಿನ ತುಂಡು ನೋಡುವ ಹಾಗೆ ನೋಡಿದರು.

"ಕಾಳು ಒಂದ ಸಮ ಇಲ್ರಿ. ಸಣ್ಣೂ ಭಾಳ ಅದಾವ."

"ಅದಕ್ಕ ಅಲ್ಲೇನಪಾ ನಿನ್ನ ಕರ್ಯಾಕತ್ತಿದ್ದು!" ಎಂದು ಬಾಳಾಸಾಹೇಬರು ಅದನ್ನು ಬಾಯಿಗೆ ಹಾಕಿಕೊಂಡರು.

ನೇಮಕದ ಪತ್ರ ಬಂತು. ಪರವಾನಗಿಗಳು ಒಂದೊಂದಾಗಿ ಬರುತ್ತಿವೆ. ಎಲ್ಲ ಕೈಗೆ ಬಂದ ಮೇಲೆಯೇ ಟಿಕೆಟ್ ಎಂದು ಮಾವನವರ ಕಾನೂನು ಇನ್ನೂ ಜಾರಿಯಲ್ಲಿದೆ. ನವೀನ ತನ್ನ ಅಂಗಡಿಯ ಮುಂದೆ "ವಿದೇಶಿ ನೌಕರಿ ಬಯೋಡಾಟಾ ಮಾಡಿಕೊಡಲಾಗುವುದು" ಎಂದು ಹಲಗೆ ಹಾಕಿದ್ದಾನೆ. ನಕ್ಷತ್ರ ಬಿಡಬೇಡ ಎಂದು ಕಾಕಾ ಅವನಿಗೆ ಹೇಳಿ ಬಂದಿದ್ದಾರಂತೆ.

ಹೋದ ವಾರ ಅತ್ತೆ ನನ್ನನ್ನು ಜಮಖಂಡಿಯ ಸಂತೆಗೆ ಕರೆದುಕೊಂಡು ಹೋಗಿ ಹೊಸ ಹಂಚು ಕೊಡಿಸಿದರು. ಒಂದೊಂದನ್ನೂ ಬೆರಳಿಂದ ಬಾರಿಸಿ, ಕಿವಿಗೆ ಹಿಡಿದು ಆರಿಸಿದರು. ಮನೆಗೆ ಬಂದು ಉಳ್ಳಾಗಡ್ಡಿ ಕೊಯ್ದು ಎಣ್ಣೆಯಲ್ಲಿ ಅದ್ದಿ ಹಂಚಿಗೆ ತಿಕ್ಕಿ ಪಳಗಿಸುತ್ತಿದ್ದಾರೆ, ದಿನಾಲೂ ಮುಂಜಾನೆ. ವಿಮಾನದಲ್ಲಿ ಭಾರ ಹೆಚ್ಚಾಗುತ್ತದೆ ಎಂದು ಇವರು ಹೇಳಿದರೆ, "ಹಂಗಾದ್ರ ನಿನ್ನ ಅರಿವಿ ತಗಿ" ಎನ್ನುತ್ತಾರೆ.

ಅನಸವ್ವಕ್ಕ ಪೆಟ್ಟಿಗೆ ಬಿಚ್ಚಿದ್ದಾಳೆ. ದಿನಾಲೂ ಮಧ್ಯಾಹ್ನ ಫೋನು ಮಾಡುತ್ತಾಳೆ. ರೊಟ್ಟಿಗೆ ನಂಚಿಕೊಳ್ಳಲು ಗುರೆಳ್ಳ ಹಿಂಡಿ ತಾ, ಶೇಂಗಾದ ಹಿಂಡಿ ತಾ, ಬನಹಟ್ಟಿ ಸೀರೆ ತಾ ಎನ್ನುತ್ತಾಳೆ. ನಾನು ಬಾಗಿಲ ಹತ್ತಿರ ಹೊಸ್ತಿಲ ಮೇಲೆ ಕುಳಿತು ಮಾತಾಡುತ್ತೇನೆ. ಅಲ್ಲಿಯ ಮಳೆ, ಸಂತೆ, ಹರಿಯುವ ರೊಟ್ಟಿ, ಅದಕ್ಕೆ ನೀರು ಎಷ್ಟು ಕುದಿಯಬೇಕು. ನಿನ್ನೆ ಮಾತು ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅತ್ತೆ ಹಂಚು ತಿಕ್ಕುವುದನ್ನು ನಿಲ್ಲಿಸಿ ಒಳಗಿನಿಂದ ಕೂಗಿದರು.

"ಏ ಮೂಕಿ! ಸಾಕ ಮಾಡ. ಎಲ್ಲಾ ಇಲ್ಲೇ ಮಾತಾಡಿದ್ರ ಅಲ್ಲಿ ಹೋಗಿ ಏನ ಮಾತಾಡ್ತಿ?"

"ಇನ್ನೂ ಭಾಳ ಐತ್ರಿ ಅತ್ತಿ" ಎಂದೆ.